ಬಸವಣ್ಣ ಒಪ್ಪದ ವೀರಪ್ಪ

ದೊಡವಾಡಕ್ಕೆ ಬಸ್ಸು ಬಂತು, ಕರೆಂಟು ಬಂತು, ಮೊಬೈಲ್ ಟವರೂ ಬಂತು. ವಿಜ್ಞಾನಿಯೊಬ್ಬ ಮಾತ್ರ ಬಂದಿರಲಿಲ್ಲ. ಆ ಕೊರತೆಯನ್ನು ಹಿಟ್ಟಿನ ಗಿರಣಿಯ ವೀರಪ್ಪ ತಾನಾಗಿಯೇ ನೀಗಿಸಿದ. ಹೀಗೆ ಮಾಡಪ್ಪಾ ಎಂದು ಊರಿನವರು ಯಾರೂ ಅವನ ಕೈಕಾಲು ಹಿಡಿದಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದಕ್ಕೆಲ್ಲ ಮೂಲ, ಸಂಜೆ ಏಳೂವರೆಗೆ ಟೀವಿಯಲ್ಲಿ ಬರುವ ‘ಪ್ರಯೋಗಶಾಲೆ’ ಎಂಬ ಧಾರಾವಾಹಿ. ಹಿಂದಿಯಿಂದ ಕನ್ನಡಕ್ಕೆ ಇಳಿಸಿದ್ದು. ಹಾಗಾಗಿ ಮಾತು ಮುಗಿದ ಮೇಲೂ ಅದರೊಳಗಿನವರ ಬಾಯಿ ಸ್ವಲ್ಪ ಹೊತ್ತು ಆಡುತ್ತಲೇ ಇರುತ್ತದೆ. ಅದರಲ್ಲಿ ಇಬ್ಬರು ವಿಜ್ಞಾನಿಗಳು. ಡಾಕ್ಟರ್ ರುದ್ರಪ್ರತಾಪ, ಎದುರಿಗೆ ಆನೆ ಬಂದು ನಿಂತರೂ ‘ಇದು ಆನೆ ಎಂಬುದಕ್ಕೆ ಆಧಾರವೇನು?’ ಎಂದು ಕೇಳುವವನು. ಡಾಕ್ಟರ್ ನೀಲಿಮಾ, ಎದುರಿಗೆ ಬಟಾಬಯಲಿದ್ದರೂ ‘ಆನೆ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ’ ಎನ್ನುವವಳು. ಇಬ್ಬರೂ ಸೇರಿ ಅಳುವ ಬಾವಿ, ತಾನೇ ಉರಿಯುವ ಕಪಾಟು, ಮಾತಾಡುವ ಗೊಂಬೆ ಇತ್ಯಾದಿಗಳ ಗುಟ್ಟನ್ನು ಬಯಲು ಮಾಡುತ್ತಿದ್ದರು. ಕೊನೆಗೆ ನಮ್ಮ ಕಡೆ ತಿರುಗಿ, ‘ಮನಸ್ಸಿನ ಬಾಗಿಲನ್ನು ತೆರೆದಿಡಿ, ಆದರೆ ಬಾಗಿಲಲ್ಲಿ ಕಾವಲುಗಾರನಿರಲಿ’ ಎಂದು ಒಟ್ಟಿಗೆ ಹೇಳುತ್ತಿದ್ದರು. ಮರುಕ್ಷಣವೇ ಅದೇ ರುದ್ರಪ್ರತಾಪ ರಾಶಿಯ ಹರಳಿನುಂಗುರದ ಜಾಹೀರಾತಿನಲ್ಲಿ ಬಂದು, ‘ನನ್ನ ಯಶಸ್ಸಿನ ಗುಟ್ಟು ಇದೇ’ ಎಂದು ಬೆರಳು ತೋರಿಸುತ್ತಿದ್ದ.

“ಅಲ್ರೀ, ಈಗರೆ ಏನೂ ನಂಬಬ್ಯಾಡ ಅಂದಾ, ಈಗ ಉಂಗರಾ ತಗೋ ಅಂತಾನಲ್ಲ?” ಎಂದು ಹೆಂಡತಿ ಇಂದ್ರವ್ವ ಒಮ್ಮೆ ಕೇಳಿದಳು.

“ಜಾಹೀರಾತಿನ್ಯಾಗ ಅಂವ ಬಿಳೇ ಕೋಟ ಹಾಕಿಲ್ಲ, ನೋಡೀಯಿಲ್ಲೋ? ಕೋಟ ಹಾಕದ ಹೇಳಿದ್ದು ಲೆಕ್ಕಕ್ಕಿಲ್ಲ,” ಎಂದ ವೀರಪ್ಪ.

ಕೋಟಿನ ಮಟ್ಟಿಗೆ ವೀರಪ್ಪ ಪುಣ್ಯವಂತ. ದಿನವಿಡೀ ಗಿರಣಿಯಲ್ಲಿ ನಿಂತವನ ಮೈಮೇಲೆ ತಲೆಯಿಂದ ಮೊಣಕಾಲಿನವರೆಗೆ ಜೋಳದ ಹಿಟ್ಟು ಕೂತಿರುತ್ತಿತ್ತು. ಬಿಳಿ ಕೋಟಿನ ಖರ್ಚು ಉಳಿಯಿತು. ಬೀಸಲು ಬಂದ ಹೆಂಗಸರಿಗೆ ಹಿಟ್ಟಿನ ಜೊತೆ ಉಪದೇಶವೂ ಸಿಗತೊಡಗಿತು. ನಾಳೆ ಅಮಾವಾಸ್ಯೆ ಎಂದರೆ ಆಧಾರ ಕೇಳುವನು. ಕ್ಯಾಲೆಂಡರ್ ತೋರಿಸಿದರೆ ಕ್ಯಾಲೆಂಡರಿಗೆ ಆಧಾರ ಕೇಳುವನು. ಮನಸ್ಸಿನ ಬಾಗಿಲು ತೆರೆದಿಡಬೇಕೆಂದು ಮುದಿ ತಾಯಿ ರಾಚವ್ವನಿಗೂ ಹೇಳಲು ಹೋದ.

“ಬಾಗಲಾ ತಗದಿಟ್ರ ನಾಯಿ ಬರತಾವು. ಹಾಕ್ಕೊಂಡ ಸುಮ್ನ ಕುಂಡ್ರ,” ಎಂದಳು ರಾಚವ್ವ.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಆದರೆ ಮಗಳು ಮಧುವಿಗೆ ಮುನವಳ್ಳಿಯಿಂದ ಒಂದು ಸಂಬಂಧ ಕೂಡಿ ಬಂತು. ಹುಡುಗ ಸಂದೀಪ, ಪೈಪು ಮೋಟರುಗಳ ಅಂಗಡಿ ಇಟ್ಟವನು, ನೋಡಲು ಲಕ್ಷಣವಾಗಿದ್ದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಎಷ್ಟು ಒಪ್ಪಿದ್ದರೆಂದರೆ, ಮಧುವಿನ ಮೊಬೈಲು ಟಿಣ್ ಅಂದಾಗಲೆಲ್ಲ ರಾಚವ್ವ “ಮುನವಳ್ಳಿ ಬಸ್ ಬಂತ ನೋಡವಾ” ಎನ್ನುತ್ತಿದ್ದಳು. ಉಳಿದದ್ದು ಒಂದೇ ಶಾಸ್ತ್ರ: ಕೆರೆ ದಂಡೆಯ ಬಸವಣ್ಣನಿಗೆ ಹೂ ಹಚ್ಚಿ ಅಪ್ಪಣೆ ಕೇಳುವುದು.

ಇದು ಆ ಊರಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಪೂಜಾರಿ ಲಗಮಣ್ಣ ಎರಡು ಸೇವಂತಿಗೆ ಹೂಗಳನ್ನು ನೀರಿನಲ್ಲಿ ಅದ್ದಿ, ಕಲ್ಲಿನ ಬಸವಣ್ಣನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳಬೇಕಾದ್ದನ್ನು ಕೇಳಿ ಉಳಿದವರೆಲ್ಲ ಕಣ್ಣು ಮುಚ್ಚುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ‘ಹೌದು’, ಎಡಗಡೆಯದು ಬಿದ್ದರೆ ‘ಅಲ್ಲ’. ಬಿದ್ದೊಡನೆ ಲಗಮಣ್ಣ ಗಂಟೆ ಹೊಡೆಯುತ್ತಾನೆ. ಬಲಕ್ಕಾದರೆ ಅಲ್ಲಿಯೇ ಬೀಗರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಬೇಕು. ಸಕ್ಕರೆ ಗಂಟಲಿಳಿದರೆ ಸಂಬಂಧ ಗಟ್ಟಿ. ಎರಡೂ ಮನೆಯವರು ಮೊದಲೇ ಒಪ್ಪಿದ ಸಂಬಂಧಕ್ಕೆ ಬಸವಣ್ಣ ಒಮ್ಮೆಯೂ ಎಡಕ್ಕೆ ಹೂ ಕೊಟ್ಟಿದ್ದು ಯಾರಿಗೂ ನೆನಪಿಲ್ಲ. ದೇವರಿಗೂ ಒಂದು ವ್ಯವಹಾರಜ್ಞಾನ ಇರುತ್ತದೆ.

ಮುನವಳ್ಳಿಯಿಂದ ಹುಡುಗನ ತಂದೆ ಗದಿಗೆಪ್ಪ ಎರಡು ಗಾಡಿ ಜನರೊಂದಿಗೆ ಬಂದಿಳಿದ. ಜರಿ ರುಮಾಲು, ಅದಕ್ಕಿಂತ ಬಿಗಿಯಾದ ಮೋರೆ. ಲಗಮಣ್ಣ ಹೂ ಅದ್ದಿದ. ಇನ್ನೇನು ಕೇಳಬೇಕು ಎನ್ನುವಷ್ಟರಲ್ಲಿ ವೀರಪ್ಪ ಕೈ ಎತ್ತಿದ.

“ತಡೀರಿ. ಮೊದಲ ತಕ್ಕಡಿ ಬರೋಬರಿ ಐತಿಲ್ಲೋ ನೋಡೂನು.”

“ಯಾವ ತಕ್ಕಡಿಯೋ?” ಎಂದ ಲಗಮಣ್ಣ.

“ನಾ ಗಿರಣ್ಯಾಗ ಜ್ವಾಳಾ ತೂಗೂಕಿಂತ ಮೊದಲ ಐದ ಕಿಲೋ ಕಲ್ಲ ಇಟ್ಟ ನೋಡತೇನಿ. ಐದ ತೋರಿಸಿದ್ರ ತಕ್ಕಡಿ ಖರೇ. ಹಂಗ ದೇವರನ್ನೂ ಮೊದಲ ಗೊತ್ತಿದ್ದದ್ದ ಕೇಳಬೇಕು. ಡಾಕ್ಟರ ರುದ್ರಪ್ರತಾಪ ಹೋದ ವಾರ ಇದನ್ನ ಹೇಳ್ಯಾರ. ಮತ್ತ ಯಾರೂ ಕಣ್ಣ ಮುಚ್ಚಬ್ಯಾಡ್ರಿ. ಪ್ರಯೋಗದಾಗ ಕಣ್ಣ ಮುಚ್ಚೂದು ನಿಷಿದ್ಧ ಐತಿ.”

“ಅಪ್ಪಾ, ಬ್ಯಾಡೋ,” ಎಂದು ಮಧು ಹಿಂದಿನಿಂದ ಅಂಗಿ ಜಗ್ಗಿದಳು.

“ನಿಂದ ಬಾಳೇದ ಪ್ರಶ್ನಿ ಐತಿ, ಸುಮ್ನಿರು,” ಎಂದು ವೀರಪ್ಪ ಬಸವಣ್ಣನ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಟೀವಿಯ ಕನ್ನಡದಲ್ಲಿ ಕೇಳಿದ: “ನನ್ನ ಹೆಸರು ವೀರಪ್ಪ. ಇದು ನಿಜವೇ?”

ಜನರೆಲ್ಲ ಕಣ್ಣು ಬಿಟ್ಟು ನೋಡಿದರು. ಎಡಗಡೆಯ ಹೂ ಸ್ವಲ್ಪ ಅಲುಗಿತು, ಜಾರಿತು, ಟಪಕ್ಕನೆ ಕೆಳಗೆ ಬಿತ್ತು.

ವೀರಪ್ಪ ಹಿಗ್ಗಿ ಹೀರೇಕಾಯಾದ. “ನೋಡಿದ್ರಿಲ್ಲೋ! ತಕ್ಕಡಿ ಸುಳ್ಳೈತಿ! ಹೂವಿನ ಮಾತಿಗೆ ಆಧಾರ ಇಲ್ಲ! ಎರಡೂ ಮನಿಯವರು ಒಪ್ಪೇವಿ, ಹುಡುಗಾ ಹುಡುಗಿ ಒಪ್ಯಾರ, ತರ್ರಿ ಸಕ್ಕರಿ!”

ಯಾರೂ ಸಕ್ಕರೆ ತರಲಿಲ್ಲ. ತಕ್ಕಡಿ ಸುಳ್ಳು ಎಂದು ಅವನು ಬೆರಳು ತೋರಿಸುತ್ತಿದ್ದರೆ, ಜನರೆಲ್ಲ ತೂಕದ ಕಲ್ಲಿನ ಕಡೆ ನೋಡುತ್ತಿದ್ದರು. ಅಂದರೆ ವೀರಪ್ಪನ ಕಡೆ.

ಮೊದಲು ಬಾಯಿ ತೆರೆದವನು ಲಗಮಣ್ಣ. “ನಲವತ್ತ ವರ್ಷಾತು ನಾ ಹೂ ಹಚ್ಚಾಕತ್ತು. ಬಸವಣ್ಣ ಸುಳ್ಳ ಹೇಳಿದ್ದಿಲ್ಲ. ಈ ಮನಷ್ಯಾ ವೀರಪ್ಪ ಅಲ್ಲ.”

“ಹಂಗಾದ್ರ ಯಾರಿಂವ?” ಎಂದು ಹಿಂದಿನಿಂದ ಯಾರೋ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಗದಿಗೆಪ್ಪ ರುಮಾಲು ಸರಿಮಾಡಿಕೊಂಡ. “ನಾವು ದೊಡವಾಡದ ವೀರಪ್ಪನ ಮಗಳನ್ನ ಕೇಳಾಕ ಬಂದಿದ್ವಿ. ಈ ಹುಡುಗಿ ಯಾರ ಮಗಳು ಅನ್ನೂದ ಮೊದಲ ಇತ್ಯರ್ಥ ಮಾಡ್ಕೋರಿ. ಮುಂದಿನ ಸೋಮಾರದತನಕ ಹಾದಿ ನೋಡತೇವಿ. ಇಲ್ಲಂದ್ರ ರಾಮದುರ್ಗದಿಂದೊಂದು ಸಂಬಂಧ ಬಂದೈತಿ, ಅಲ್ಲೆ ಹೋಗತೇವಿ.” ಸಂದೀಪನ ಮುಖ ಹುಳಿಮಜ್ಜಿಗೆ ಕುಡಿದಂತಾಯಿತು. ಮಧು ಗುಡಿಯ ಕಂಬ ಹಿಡಿದುಕೊಂಡು ಅಪ್ಪನನ್ನು ನೋಡಿದಳು. ಆ ನೋಟ ನನ್ನ ಮೇಲೆ ಬಿದ್ದಿದ್ದರೆ ನಾನಂತೂ ಊರು ಬಿಡುತ್ತಿದ್ದೆ.

ಮನೆಗೆ ಬಂದರೆ ಇಂದ್ರವ್ವ ಒಲೆ ಹೊತ್ತಿಸದೆ ಕುಳಿತಿದ್ದಳು.

“ಇಷ್ಟ ವರ್ಷ ಮದಿವಿ ಮುಂಜಿವ್ಯಾಗ ಒಡಪ ಹಾಕಿ ಗಂಡನ ಹೆಸರ ಹೇಳ್ಕೋಂತ ಬಂದ್ನಿ. ನಾಕ ಮಂದ್ಯಾಗ ನಾಚಿಕೊಂಡು ‘ವೀರಪ್ಪ’ ಅಂತಿದ್ನಿ. ಅದು ಯಾರ ಹೆಸರರೀ?” ಎಂದು ಆಕೆ ಅಳತೊಡಗಿದಳು.

“ನಂದ ಹೆಸರಲೇ!”

“ಆಧಾರ ಏನೈತಿ?” ಎಂದಳು ಇಂದ್ರವ್ವ. ಆಕೆಯೂ ಧಾರಾವಾಹಿ ನೋಡುತ್ತಿದ್ದಳಲ್ಲ.

ರಾಚವ್ವ ಮಾತ್ರ ಕೋಲು ನೆಲಕ್ಕೆ ಕುಟ್ಟಿ ಕುಟ್ಟಿ ಹೇಳಿದಳು: “ಹಡದಾಕಿ ನಾ ಇಲ್ಲೇ ಜೀವಂತ ಕುಂತೇನಿ. ಒಂದ ಮಾತ ನನ್ನ ಕೇಳ್ರೆಲೇ! ಈ ಹೆಸರಿಟ್ಟಾಕೀನೂ ನಾನ, ಇವನ ಮುಕಳಿ ತೊಳದಾಕೀನೂ ನಾನ!”

ಆಕೆಯ ಮಾತನ್ನು ಊರು ಗೌರವದಿಂದ ಕೇಳಿತು, ಕೇಳಿ ಬದಿಗಿಟ್ಟಿತು. “ಯಮ್ಮಾ, ನಿನ್ನ ಮಾತ ಖರೇ ಇರಬಹುದು. ಆದ್ರ ಹಡದಾಕಿಗೆ ಮಗನ ಮ್ಯಾಲ ಮಮತಾ ಇರತೈತಿ. ಬಸವಣ್ಣಗ ಏನ ಮಮತಾ ಐತಿ ಹೇಳು?” ಎಂದು ಹಿರಿಯರು ಸಮಾಧಾನ ಮಾಡಿದರು. ಹೆತ್ತವಳು ಬದುಕಿರುವಾಗ ಕಲ್ಲನ್ನು ಕೇಳುವ ಈ ಜಾಣತನಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಮರುದಿನದಿಂದ ಗಿರಣಿಗೆ ಬಂದವರಿಗೆ ಅವನನ್ನು ಏನೆಂದು ಕರೆಯಬೇಕೋ ಗೊತ್ತಾಗದೆ ಪೇಚಾಟ. “ಏ ಇವರ... ಇಲ್ನೋಡ್ರಿ... ಗಿರಣಿಯವರ...” ಎಂದು ತೊದಲಿದರು. ತಮ್ಮ ನಿಂಗರಾಜ ಮಾತ್ರ ಸ್ಪಷ್ಟವಾಗಿ ಮಾತಾಡಿದ. ಬೆಳಿಗ್ಗೆಯೇ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದ:

“ಅಣ್ಣಾ. ಅಣ್ಣ ಅನಬಹುದೋ ಇಲ್ಲೋ, ರೂಢಿ ಬಿದ್ದೈತಿ ಅದಕ್ಕ ಅಂತೇನಿ. ಕೆರಿ ಕೆಳಗಿನ ಹೊಲ ವೀರಪ್ಪನ ಹೆಸರಲೆ ಐತಿ. ಖರೇ ವೀರಪ್ಪ ಎಲ್ಲೆ ಅದಾನೋ ಪಾಪ, ಎಂದ ಬರತಾನೋ. ಅಂವ ಬರೂತನಕ ನಾ ನೋಡ್ಕೋತೇನಿ. ರಕ್ತ ಸಂಬಂಧ ಅಲ್ಲೇನು?”

“ಲೇ ನಿಂಗ್ಯಾ, ನಾವಿಬ್ಬರೂ ಕೂಡೇ ಬೆಳದಿಲ್ಲೇನೋ?”

“ಬೆಳದೇವಿ. ನಾ ಇಲ್ಲ ಅಂದ್ನ್ಯಾ? ಆದ್ರ ಯಾರ ಕೂಡ ಬೆಳದ್ನಿ ಅನ್ನೂದ ಪ್ರಶ್ನಿ,” ಎಂದು ನಿಂಗರಾಜ ಎದ್ದು ಹೊಲದ ಕಡೆ ಹೊರಟ. ಎಂದೂ ಹೊಲದ ಮುಖ ನೋಡದವನಿಗೆ ಆ ದಿನ ಹಾದಿ ಸರಿಯಾಗಿ ನೆನಪಿತ್ತು.

ವೀರಪ್ಪನಿಗೆ ಆಸರೆ ಎಂದರೆ ಇನ್ನು ಟೀವಿ ಒಂದೇ. ಸಂಜೆ ಏಳೂವರೆಗೆ ಎದುರು ಕುಳಿತ. ಅಂದು ರುದ್ರಪ್ರತಾಪ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು, ‘ಫಲಿತಾಂಶ ನಮಗೆ ಇಷ್ಟವಾಗದಿದ್ದರೂ ನಾವು ಅದನ್ನು ಎದುರಿಸಬೇಕು’ ಎಂದ. ನೀಲಿಮಾ ತಲೆದೂಗಿ, ‘ಅತ್ಯಂತ ಅಸಂಭವವಾದದ್ದೂ ಸಂಭವವೇ’ ಎಂದಳು. ವೀರಪ್ಪ ಟೀವಿ ಆರಿಸಿದ. ಎದ್ದುಹೋಗಿ ಕನ್ನಡಿ ನೋಡಿಕೊಂಡ. ತಾನು ವೀರಪ್ಪ ಅಲ್ಲದಿರುವ ಸಾಧ್ಯತೆಯನ್ನು ಅವನು ಈವರೆಗೆ ತೆರೆದ ಮನಸ್ಸಿನಿಂದ ಪರಿಶೀಲಿಸಿಯೇ ಇರಲಿಲ್ಲ. ಮೀಸೆ ತನ್ನದೇ ಇದ್ದಂತಿತ್ತು. ಆದರೆ ಮೀಸೆ ಆಧಾರವಾಗುತ್ತದೆಯೇ?

ಸರ್ಕಾರದ ಕಾಗದವಾದರೂ ಇರಲಿ ಎಂದು ಮರುದಿನ ಬಸ್ ಹತ್ತಿ ಬೈಲಹೊಂಗಲಕ್ಕೆ ಹೋದ. ಕಚೇರಿಯೊಂದರ ಕಿಟಕಿಯ ಹಿಂದೆ ಗುಮಾಸ್ತ ಶೇಂಗಾ ಸುಲಿಯುತ್ತ ಕುಳಿತಿದ್ದ. ಬಸವಣ್ಣನ ಸುದ್ದಿ ವೀರಪ್ಪನಿಗಿಂತ ಮೊದಲಿನ ಬಸ್ಸಿಗೇ ಅಲ್ಲಿ ಬಂದಿಳಿದಿತ್ತು.

“ನಾನು ನಾನ ಅಂತ ಒಂದ ಸರ್ಟಿಫಿಕೇಟ ಬೇಕಾಗೇತ್ರಿ.”

ಗುಮಾಸ್ತ ಶೇಂಗಾ ಬಾಯಿಗೆ ಹಾಕಿಕೊಂಡ. “ಹುಟ್ಟಿದ್ದಕ್ಕ ಐತಿ, ಸತ್ತಿದ್ದಕ್ಕ ಐತಿ. ಜಾತಿದ ಐತಿ, ಆದಾಯದ ಐತಿ. ಇನ್ನೂ ಸತ್ತಿಲ್ಲ ಅಂತ ಪೆನ್ಶನ್ನಿನವರಿಗೊಂದು ಕೊಡತೇವಿ. ನೀವು ನೀವ ಅಂತ ಕೊಡೂದು ನಮ್ಮಲ್ಲಿಲ್ಲ.”

“ಆಧಾರ್ ಕಾರ್ಡ ಐತಲ್ರಿ. ನೋಡ್ರಿ, ವೀರಪ್ಪ ಅಂತ ಐತಿ, ಫೋಟೋನೂ ಐತಿ.”

“ವೀರಪ್ಪನ ಕಾರ್ಡ ಅನ್ನೂದು ಖರೇ. ಫೋಟೋ ನಿಮ್ಮದು ಅಂತ ನಾ ಹೆಂಗ ಹೇಳ್ಲಿ? ನನ್ನ ಕಾರ್ಡಿನ ಫೋಟೋ ನಮ್ಮವ್ವನೂ ಗುರತ ಹಿಡಿಯೂದಿಲ್ಲ.” ಗುಮಾಸ್ತ ಅತ್ತಿತ್ತ ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು, ದನಿ ಇಳಿಸಿದ. “ಅದಿರ್ಲಿ ಬಿಡ್ರಿ. ಆ ನಿಮ್ಮ ಬಸವಣ್ಣ ವರ್ಗಾವಣಿದೂ ಹೇಳತಾನೇನ್ರಿ? ಸವದತ್ತಿಗೆ ಹಾಕ್ತಾರ ಅಂತ ಗುಲ್ಲ ಐತಿ. ಐತವಾರ ಬಂದ್ರ ಪೂಜಾರಿ ಸಿಗತಾನೋ?”

ವಾರ ಮುಗಿಯುವುದರೊಳಗೆ ಕೆರೆ ದಂಡೆಯ ಬಸವಣ್ಣನಿಗೆ ಎಲ್ಲಿಲ್ಲದ ಪ್ರಸಿದ್ಧಿ ಬಂತು. ಆಧಾರ್ ಕಾರ್ಡನ್ನೇ ಸುಳ್ಳು ಮಾಡಿದ ದೇವರು ಎಂದು ಕಿತ್ತೂರಿನಿಂದ ಜನ ಟಂಟಂ ಗಾಡಿ ಮಾಡಿಕೊಂಡು ಬಂದರು. ಲಗಮಣ್ಣ ಹೊಸ ಧೋತರ ಉಟ್ಟ. ಮೂಢನಂಬಿಕೆಯನ್ನು ಬುಡಸಮೇತ ಕೀಳಲು ಹೋದ ವೀರಪ್ಪ ಅದಕ್ಕೆ ಗೊಬ್ಬರ ಹಾಕಿ ನೀರುಣಿಸಿ ಬಂದಂತಾಗಿತ್ತು.

ಇತ್ತ ಮಧು ಊಟ ಬಿಟ್ಟಳು. ಅಪ್ಪನ ಎದುರು ಬಂದು ನಿಂತು ಒಂದೇ ಮಾತು ಹೇಳಿದಳು: “ಅಪ್ಪಾ, ನೀ ಯಾರರೆ ಆಗು. ಆದ್ರ ಸೋಮಾರದ ಒಳಗ ಆಗು.”

ವೀರಪ್ಪನಿಗೆ ಕಣ್ಣಲ್ಲಿ ನೀರು ಬಂತು. ವಿಜ್ಞಾನವನ್ನು ಮೊಳೆಗೆ ತೂಗುಹಾಕಿ, ಲಗಮಣ್ಣನ ಕಾಲು ಹಿಡಿಯಲು ಹೋದ.

“ಪರಿಹಾರ ಐತಿ,” ಎಂದ ಲಗಮಣ್ಣ. “ವೀರಪ್ಪ ಅಲ್ಲದಾಂವನ್ನ ವೀರಪ್ಪ ಮಾಡಬೇಕಂದ್ರ ತೊಟ್ಟಲಕ್ಕ ಹಾಕಿ ಹೆಸರಿಡಬೇಕು. ಎಲ್ಲಾರಿಗೂ ಹಂಗ ಇಟ್ಟಾರ. ನಿನಗೂ ಹಂಗ ಇಡೂದು.”

ಸೋಮವಾರ ಗುಡಿಯ ಮುಂದೆ ಊರೇ ನೆರೆಯಿತು. ಐವತ್ತು ದಾಟಿದ, ಜೋಳದ ಚೀಲದಂಥ ಮನುಷ್ಯನಿಗೆ ಯಾವ ತೊಟ್ಟಿಲು ತಡೆದೀತು? ಜಮಖಾನೆಯೊಂದನ್ನು ತಂದು, ನಾಲ್ಕು ಮೂಲೆಗೆ ನಾಲ್ವರು ಪೈಲ್ವಾನರು ನಿಂತು ಹಿಡಿದರು. ವೀರಪ್ಪ ಅದರಲ್ಲಿ ಅಂಗಾತ ಮಲಗಿದ. ತಲೆಗೆ ಕೂಸಿನ ಕುಂಚಿಗೆ ಕಟ್ಟಿದರು. ಹಣೆಗೆ, ಕೆನ್ನೆಗೆ ಕಾಡಿಗೆ ಇಟ್ಟರು. ಹೆಂಗಸರು ಜೋಗುಳ ಹಾಡಿದರು. ಮುನವಳ್ಳಿಯ ಬೀಗರು ಗಂಭೀರವಾಗಿ ನಿಂತು ನೋಡಿದರು. ನಿಂಗರಾಜ ಮಾತ್ರ “ಹೊಸಾ ಹೆಸರ ಇಟ್ಟರ ಹೆಂಗ?” ಎಂದು ಎರಡು ಸಲ ಸೂಚಿಸಿ, ಅಮ್ಮನ ಕೋಲಿನ ತುದಿ ತನ್ನ ಕಡೆ ತಿರುಗಿದ್ದನ್ನು ಕಂಡು ಸುಮ್ಮನಾದ.

ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಆಕೆ ಶಿವನ ಪಾದ ಸೇರಿ ಬಹಳ ದಿನವಾಗಿತ್ತಾದ್ದರಿಂದ ರಾಚವ್ವನೇ ಬಗ್ಗಿದಳು. ಎಲ್ಲರಿಗೂ ಕೇಳುವಂತೆ “ವೀರಪ್ಪಾ” ಎನ್ನುವ ಮೊದಲು, ಅವನೊಬ್ಬನಿಗೇ ಕೇಳುವಂತೆ ಹೇಳಿದಳು: “ಇನ್ನೊಮ್ಮಿ ಆ ಕೋಟಿನವನ ಮಾತ ಕೇಳಿದ್ರ ಟೀವೀನೂ ನಿನ್ನೂ ಕೂಡಿಸಿ ಕೆರಿಗೆ ಹಾಕತೇನಿ.”

ಲಗಮಣ್ಣ ಹೂ ಹಚ್ಚಿದ. “ಬಸವಣ್ಣಾ, ಇಂವ ವೀರಪ್ಪ ಹೌದೋ ಅಲ್ಲೋ?” ಈ ಸಲ ಕಣ್ಣು ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಊರೆಲ್ಲ ಕಣ್ಣು ಮುಚ್ಚಿತು. ಲಗಮಣ್ಣನೂ ಮುಚ್ಚಿದ. ಜಮಖಾನೆಯಲ್ಲಿದ್ದ ವೀರಪ್ಪ ಒಂದೇ ಕಣ್ಣು ತೆರೆದು ನೋಡಿದ. ಜನರ ಕಾಲುಗಳ ನಡುವೆ ಅವನಿಗೆ ಕಂಡದ್ದು ತಾಯಿ ಮಾತ್ರ. ಬಸವಣ್ಣನ ಬಲ ಮಗ್ಗುಲಿಗೆ ನಿಂತು ಆಕೆ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

“ಬಲಕ್ಕ ಬಿತ್ತಲೇ!” ಎಂದು ಆಕೆಯೇ ಕೂಗಿದಳು. ಲಗಮಣ್ಣ ಗಡಬಡಿಸಿ ಗಂಟೆ ಹೊಡೆದ. ಊರು ಹೋ ಎಂದಿತು. ಪೈಲ್ವಾನರು ಸಂತೋಷದಲ್ಲಿ ಜಮಖಾನೆ ಬಿಟ್ಟರು. ವೀರಪ್ಪ ಹೀಗೆ ನೆಲಕ್ಕೆ ಬಿದ್ದು ಎರಡನೆಯ ಸಲ ವೀರಪ್ಪನಾದ.

ಸಕ್ಕರೆಯ ತಟ್ಟೆ ಬಂತು. ವೀರಪ್ಪ ಮುಷ್ಟಿ ತುಂಬ ಎತ್ತಿಕೊಂಡು ಬೀಗರ ಬಾಯಿಯ ಹತ್ತಿರ ಒಯ್ದ. ಗದಿಗೆಪ್ಪ ಬಾಯಿ ತೆರೆಯಲಿಲ್ಲ.

“ನಿಂದ್ರಿ ಬೀಗರ. ನಿಮ್ಮದೇನೋ ಖಾತ್ರಿ ಆತು. ಆದ್ರ ಈ ವಾರ ನಮ್ಮ ಮನ್ಯಾಗ ಎಲ್ಲಾರೂ ಕುಂತ ಆ ‘ಪ್ರಯೋಗಶಾಲೆ’ ನೋಡಿದ್ವಿ. ಭಾಳ ಛಲೋ ಐತ್ರಿ. ಒಂದ ಕಡೀಗೆ ಅಷ್ಟ ಪರೀಕ್ಷೆ ಮಾಡೂದು ನ್ಯಾಯ ಅಲ್ಲ ಅಂತ ನೀಲಿಮಾ ಬಾಯಾರು ಹೇಳ್ಯಾರ. ನಂದೂ ಒಂದ ಸಲ ಕೇಳಿಬಿಡೂನು.”

“ಬ್ಯಾಡ್ರಿ ಬೀಗರ!” ವೀರಪ್ಪನ ಗಂಟಲಿನಿಂದ ಹೊರಟ ದನಿ ಕುರಿಮರಿಯದಂತಿತ್ತು. “ನೀವು ಗದಿಗೆಪ್ಪನವರ ಅಂತ ಮುನವಳ್ಳಿಗೆ ಮುನವಳ್ಳೀನ ಹೇಳತೈತಿ!”

“ಅದಕ್ಕ ಆಧಾರ?” ಎಂದ ಗದಿಗೆಪ್ಪ, ಮೀಸೆಯ ಮೇಲೆ ಕೈಯಾಡಿಸಿ. ರುಮಾಲು ತೆಗೆದಿಟ್ಟು ಬಸವಣ್ಣನ ಮುಂದೆ ಉದ್ದಕ್ಕೆ ಅಡ್ಡಬಿದ್ದ. “ನಾನು ಗದಿಗೆಪ್ಪ ಹೌದೋ ಅಲ್ಲೋ ಹೇಳೋ ತಂದೀ!”

ಲಗಮಣ್ಣ ಹೂ ಹಚ್ಚಿ, ಆರತಿಯ ಕರ್ಪೂರಕ್ಕೆ ಗಾಳಿ ತಾಕದಂತೆ ಅತ್ತ ತಿರುಗಿ ಕಡ್ಡಿ ಗೀರತೊಡಗಿದ. ಜನ ಕಣ್ಣು ಮುಚ್ಚಿದರು. ರಾಚವ್ವ ದಣಿದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಿದ್ದಳು. ಕಣ್ಣು ಬಿಟ್ಟು ನಿಂತವನು ವೀರಪ್ಪನೊಬ್ಬನೇ. ಕುಂಚಿಗೆ ಇನ್ನೂ ತಲೆಯ ಮೇಲಿತ್ತು, ಸಕ್ಕರೆ ಇನ್ನೂ ಮುಷ್ಟಿಯಲ್ಲಿತ್ತು.

ಎಡಗಡೆಯ ಹೂ ಅಲುಗಿತು. ಜಾರಿತು. ಬಿತ್ತು.

ವೀರಪ್ಪ ಹೂವನ್ನು ನೋಡಿದ. ಮಗಳನ್ನು ನೋಡಿದ. ಮಧು ಕಣ್ಣು ಬಿಗಿಯಾಗಿ ಮುಚ್ಚಿ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು. ಇದು ಗೊತ್ತಾದರೆ ಸಂದೀಪನೂ ಯಾರ ಮಗನೋ ಆಗುತ್ತಾನೆ; ಮುನವಳ್ಳಿಯಲ್ಲಿ ಇನ್ನೊಂದು ಜಮಖಾನೆ ಹಾಸುವಷ್ಟರಲ್ಲಿ ಯಾರ ಮನಸ್ಸು ಯಾವ ಕಡೆ ಹೊರಳುತ್ತದೋ ಯಾರು ಬಲ್ಲರು. ವೀರಪ್ಪ ಬಗ್ಗಿ ಆ ಹೂವನ್ನು ಎತ್ತಿದ. ಬಾಯಿಗೆ ಹಾಕಿಕೊಂಡ. ಮೇಲೆ ಮುಷ್ಟಿಯ ಸಕ್ಕರೆಯನ್ನೂ ಹಾಕಿಕೊಂಡ. ಕಿರುಬೆರಳಿನಿಂದ ಬಲಗಡೆಯ ಹೂವನ್ನು ತಳ್ಳಿ, ಬಾಯಿ ತುಂಬಿದ್ದರೂ ಊರಿಗೆಲ್ಲ ಕೇಳುವಂತೆ ಒದರಿದ:

“ಬಲಕ್ಕ ಬಿತ್ರೀ ಬೀಗರ!”

ಗಂಟೆ ಹೊಡೆಯಿತು. ಎಲ್ಲರ ಕಣ್ಣು ಬಿದ್ದ ಹೂವಿನ ಮೇಲಿತ್ತು; ಬಸವಣ್ಣನ ಬರಿದಾದ ಎಡ ಭುಜವನ್ನು ಯಾರೂ ನೋಡಲಿಲ್ಲ. ಗದಿಗೆಪ್ಪ ಮಣ್ಣು ಕೊಡವಿಕೊಂಡು ಎದ್ದ. ತಾನು ಗದಿಗೆಪ್ಪನೇ ಎಂದು ಖಾತ್ರಿಯಾದ ಮನುಷ್ಯನ ಮುಖದಲ್ಲಿ ಎಂಥ ಕಳೆ ಬರುತ್ತದೆ ಎಂಬುದನ್ನು ಅಂದು ದೊಡವಾಡ ಕಂಡಿತು.

“ಏನ ಬೀಗರ, ಆಗಳೇ ಸಕ್ಕರಿ ತಿನ್ನಾಕ ಹತ್ತೀರಿ?”

“ತಡಿಯೂದ ಆಗಲಿಲ್ರಿ,” ಎಂದ ವೀರಪ್ಪ, ಅಗಿಯುತ್ತ.

ಗದಿಗೆಪ್ಪ ಗಹಗಹಿಸಿ ನಕ್ಕು ಇನ್ನೊಂದು ಮುಷ್ಟಿ ಸಕ್ಕರೆಯನ್ನು ಅವನ ಬಾಯಿಗೆ ತುರುಕಿದ. ಮಧು ಕಣ್ಣು ತೆರೆದು ನಕ್ಕಳು, ಸಂದೀಪ ಅತ್ತ ತಿರುಗಿ ಕಣ್ಣೊರೆಸಿಕೊಂಡ. ವೀರಪ್ಪನೂ ನಗುತ್ತಲೇ ನುಂಗಿದ. ಸೇವಂತಿಗೆ ಹೂ ಎಷ್ಟು ಸಕ್ಕರೆ ಹಾಕಿದರೂ ಕಹಿಯೇ ಇರುತ್ತದೆ ಎಂಬುದು ಅಂದು ಅವನಿಗೆ ಪ್ರಯೋಗದಿಂದ ಸಿದ್ಧವಾಯಿತು. ಆದರೆ ಆ ಫಲಿತಾಂಶವನ್ನು ಅವನು ಇವತ್ತಿಗೂ ಯಾರಿಗೂ ಹೇಳಿಲ್ಲ.